ಹನ್ನೆರಡು ಹೆಜ್ಜೆ

ಆಗಸ್ಟ್ ೨, ಶನಿವಾರ

ಹುಲ್ಲು ಕತ್ತರಿಸಿ ಮುಗಿಯಿತು. ಎರಡು ತಿಂಗಳು ಯಾರೂ ಕಾಲಿಡದೆ ಮೈದಾನ ಮಂಡಿಯವರೆಗೆ ಬೆಳೆದಿತ್ತು. ಹೋದ ವರ್ಷದ ಗೆರೆಗಳ ಗುರುತು ಒಂದೂ ಉಳಿದಿಲ್ಲ.

ಈ ಪುಸ್ತಕದಲ್ಲಿ ಇದುವರೆಗೆ ಮಳೆ, ಹುಲ್ಲು, ಸುಣ್ಣ ಇಷ್ಟೇ ಬರೆದಿದ್ದೇನೆ. ಜೂನ್ ಹದಿನೇಳರಲ್ಲಿ 'ಮಗಳಿಗೆ ಜ್ವರ ಜಾಸ್ತಿ, ಬೇಗ ಮನೆಗೆ ಹೋದೆ' ಎಂದಿದೆ. ಹದಿನೆಂಟರ ಪುಟ ಖಾಲಿ. ಇವತ್ತಿನ ಪುಟ ಹುಡುಕುವಾಗ ಅದನ್ನು ದಾಟಿ ಬರಬೇಕಾಯಿತು.

ಸಂಜೆ ಕೋಚ್ ಮೇಡಂ ಬಂದರು. ಹುಡುಗಿಯರ ಫುಟ್‌ಬಾಲ್ ತಂಡ ಈ ವರ್ಷವೂ ಆಡುತ್ತದೆಯಂತೆ. ಗುಂಪಿನಲ್ಲಿ ನಾಲ್ಕು ಕಾಲೇಜು, ಆರು ಪಂದ್ಯ, ಮೂರು ನಮ್ಮಲ್ಲಿ. ಮೊದಲ ಸ್ಥಾನ ಬಂದವರಿಗೆ ಮಾತ್ರ ಮುಂದಿನ ಸುತ್ತು. ಹೋದ ವರ್ಷ ಒಂದೇ ಒಂದು ಅಂಕದಲ್ಲಿ ಕೈ ತಪ್ಪಿತ್ತು. ಆವತ್ತು ನನ್ನ ಮಗಳು ಬೂಟು ಬಿಚ್ಚದೆ, ಊಟ ಮಾಡದೆ ಮಲಗಿದ್ದಳು.

ಮೇಡಂ ಹೇಳಿದರು, "ಹುಡುಗೀರು ಈ ಸಲ ಏನಾದ್ರೂ ಮಾಡಿ ಮುಂದಿನ ಸುತ್ತಿಗೆ ಹೋಗ್ಲೇಬೇಕು ಅಂತಿದಾರೆ. ಯಾಕೆ ಅಂತ ನಿಮಗೆ ಹೇಳ್ಬೇಕಾಗಿಲ್ಲ."

ನಾನು ಹೂಂ ಅಂದೆ. ಸುಣ್ಣ ಬೇಕು ಎಂದು ಚೀಟಿ ಬರೆದು ಕೊಟ್ಟೆ.

ಆಗಸ್ಟ್ ೮, ಶುಕ್ರವಾರ

ನಾಳೆ ಮೊದಲ ಪಂದ್ಯ. ಗೆರೆ ಹಾಕಿದೆ.

ನಾಲ್ಕು ಮೂಲೆಗೆ ಕಬ್ಬಿಣದ ಗೂಟಗಳಿವೆ, ಗೋಲಿನ ಕಂಬಗಳು ಸಿಮೆಂಟಿನಲ್ಲಿ ನಿಂತಿವೆ. ಒಳಗಿನದೆಲ್ಲ ನನ್ನ ಹೆಜ್ಜೆಯ ಲೆಕ್ಕ. ಗೋಲಿನ ಗೆರೆಯಿಂದ ಸಣ್ಣ ಬಾಕ್ಸಿಗೆ ಆರು ಹೆಜ್ಜೆ, ಪೆನಾಲ್ಟಿ ಚುಕ್ಕಿಗೆ ಹನ್ನೆರಡು, ದೊಡ್ಡ ಬಾಕ್ಸಿಗೆ ಹದಿನೆಂಟು. ನನ್ನ ಒಂದು ಹೆಜ್ಜೆ ಸರಿಯಾಗಿ ಒಂದು ಗಜ, ಮೂರು ಅಡಿ. ಇಪ್ಪತ್ತೆರಡು ವರ್ಷದಲ್ಲಿ ಟೇಪು ಹಿಡಿದವನಲ್ಲ. ಒಮ್ಮೆ ಮೇಲಿನವರು ಬಂದು ಅಳೆದಾಗ ಎರಡು ಬೆರಳಿನಷ್ಟೂ ವ್ಯತ್ಯಾಸ ಇರಲಿಲ್ಲ. ಅಂದಿನಿಂದ ಹುಡುಗಿಯರಿಗೆಲ್ಲ ನಾನು 'ಟೇಪು ಮಾವ'. ಆ ಹೆಸರು ಇಟ್ಟವಳು ನನ್ನ ಮಗಳೇ. ಅವಳಿಗೆ ಅವರು ಇಟ್ಟ ಹೆಸರು 'ಸೂಜಿ'. ಇಬ್ಬರ ನಡುವೆ ನೂಲಿನಷ್ಟು ಜಾಗ ಇದ್ದರೆ ಸಾಕು, ಚೆಂಡು ತೆಗೆದುಕೊಂಡು ಆಚೆ ಹೋಗಿಬಿಡುತ್ತಿದ್ದಳು.

ಗೆರೆ ಹಾಕುವುದಕ್ಕೆ ಹೊತ್ತು ಹಿಡಿಯಿತು. ಕಾಲೇಜಿನ ಗಂಟೆ ಈಗೀಗ ಬೇಗ ಹೊಡೆಯುತ್ತಾರೆ ಎಂದು ಕಾಣುತ್ತದೆ. ಮನೆ ಬಿಡುವುದು ಅದೇ ಹೊತ್ತಿಗೆ, ಗೇಟು ತಲುಪುವ ಮೊದಲೇ ಗಂಟೆ ಆಗಿರುತ್ತದೆ. ಜವಾನನಿಗೆ ಹೇಳಬೇಕು.

ಆಗಸ್ಟ್ ೯, ಶನಿವಾರ

೨-೦. ಗೆದ್ದೆವು. ಎರಡನೆಯದು ಪೆನಾಲ್ಟಿ.

ಮಗಳ ಜಾಗದಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಆಡಿದಳು. ಎಲ್ಲರೂ 'ಹೊಸಬಳು' ಎಂದೇ ಕರೆಯುತ್ತಾರೆ. ಮೈದಾನದ ಆ ಬದಿಗೆ ನಾನು ಕಣ್ಣು ಹಾಯಿಸಲಿಲ್ಲ. ಹಿಂದಿನ ಗೋಡೆಯ ಬಳಿ ಮುರಿದ ಬೆಂಚು ಎತ್ತಿಡುತ್ತಾ ಇದ್ದೆ. ಬೆಂಚು ಎತ್ತಿಡುವ ಕೆಲಸ ಇವತ್ತೇ ಆಗಬೇಕೆಂದು ಏನೂ ಇರಲಿಲ್ಲ.

ಮನೆಗೆ ಬಂದು ಹೆಂಡತಿಗೆ "ಗೆದ್ರು" ಎಂದೆ. ಇವಳು "ಊಟ ಇಟ್ಟಿದೀನಿ" ಎಂದಳು.

ಆಗಸ್ಟ್ ೧೭, ಭಾನುವಾರ

ನಿನ್ನೆ ಹೊರಗಿನ ಪಂದ್ಯ. ಅದನ್ನೂ ಗೆದ್ದರಂತೆ.

ಇವಳು ಮಗಳ ಬಗ್ಗೆ ಬಾಯಿ ಬಿಡುವುದಿಲ್ಲ. ನಾನೂ ಬಿಡುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಗಾಜಿನ ಪಾತ್ರೆ ಎತ್ತಿಡುವವರ ಹಾಗೆ ಓಡಾಡುತ್ತಿದ್ದೇವೆ. ಇವತ್ತು ಮೂರು ತಟ್ಟೆ ತೆಗೆದಿಟ್ಟಳು. ಆಮೇಲೆ ನೋಡಿ ಒಂದನ್ನು ತೊಳೆದಳು. ಒಣಗಿದ್ದ ತಟ್ಟೆಯನ್ನೇ ತೊಳೆದಳು.

ಆಗಸ್ಟ್ ೨೩, ಶನಿವಾರ

೧-೧. ಗೆಲ್ಲುವ ಪಂದ್ಯ ಕೈಯಿಂದ ಜಾರಿತು.

ಕೊನೆಯ ಹತ್ತು ನಿಮಿಷ ಇದ್ದಾಗ ನಮ್ಮ ಗೋಲ್‌ಕೀಪರ್ ಮುಂದೆ ಬಂದು ಚೆಂಡನ್ನು ಅಪ್ಪಿ ಹಿಡಿದಳು. ಗಟ್ಟಿಮುಟ್ಟು ಹುಡುಗಿ, ಅವಳನ್ನು 'ಗೋಡೆ' ಎನ್ನುತ್ತಾರೆ. ರೆಫರಿ ಸೀಟಿ ಊದಿದರು. ದೊಡ್ಡ ಬಾಕ್ಸಿನ ಆಚೆ ಕೈಯಲ್ಲಿ ಹಿಡಿದಳಂತೆ, ಅಲ್ಲಿ ಗೋಲ್‌ಕೀಪರ್ ಕೂಡ ಕೈ ಹಾಕುವಂತಿಲ್ಲ. ಅಲ್ಲಿಂದಲೇ ಎದುರಾಳಿಗಳು ಒದ್ದು ಗೋಲು ಹೊಡೆದರು.

ಪಂದ್ಯ ಮುಗಿದ ಮೇಲೆ ಗೋಡೆ ನನ್ನ ಹತ್ತಿರ ಬಂದಳು. ಮೂಗು ಕೆಂಪಾಗಿತ್ತು.

"ಮಾವ, ನಾನು ಒಳಗೇ ಇದ್ದೆ. ನಂಗೆ ಕಣ್ಣುಮುಚ್ಚಿದ್ರೂ ಗೊತ್ತಾಗುತ್ತೆ ಬಾಕ್ಸ್ ಎಲ್ಲಿಗೆ ಮುಗಿಯುತ್ತೆ ಅಂತ. ಈ ವರ್ಷ ಏನೋ ಇಕ್ಕಟ್ಟಾಗಿದೆ."

"ಇಕ್ಕಟ್ಟಾ? ಬಾಕ್ಸೇನು ಲಂಗವಾ, ಒಗೆದ್ರೆ ಕುಗ್ಗೋಕೆ?"

ಉಳಿದವರು ನಕ್ಕರು. ಅವಳು ನಗಲಿಲ್ಲ. "ಗೆರೆ ದಾಟಿತ್ತು ಕಾಲು, ಅದು ನಿಜ. ಆದ್ರೆ..." ಎಂದಳು.

"ಆದ್ರೆ ಗೀದ್ರೆ ಇಲ್ಲ. ನೀನು ಹುಟ್ಟೋಕೆ ಮುಂಚಿನಿಂದ ಗೆರೆ ಹಾಕ್ತಿದೀನಿ."

ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಮಗಳು ಹೋದ ಮೇಲೆ ನಾನು ದನಿ ಏರಿಸಿದ್ದು ಇದೇ ಮೊದಲು. ತಲೆ ತಗ್ಗಿಸಿಕೊಂಡು ಹೋದಳು.

ಆಗಸ್ಟ್ ೨೫, ಸೋಮವಾರ

ಸುಣ್ಣದ ಮೂಟೆ ಇನ್ನೂ ಅರ್ಧದ ಮೇಲಿದೆ. ಪ್ರತಿ ವರ್ಷ ಎರಡು ಪಂದ್ಯಕ್ಕೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ಅಂಗಡಿಯವನು ಈ ಸಲ ಧಾರಾಳವಾಗಿ ತುಂಬಿ ಕೊಟ್ಟಿದ್ದಾನೆ.

ಜವಾನನಿಗೆ ಗಂಟೆಯ ವಿಷಯ ಹೇಳಿದೆ. "ಗಂಟೆ ಸರಿಯಾಗೇ ಇದೆ ಮಾವ, ನೀವೇ ಮದುವೆ ಮೆರವಣಿಗೆ ಥರ ಬರ್ತೀರ" ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪಾಪ, ಅವನಿಗೂ ನನ್ನ ಎದುರು ತಮಾಷೆ ಮಾಡಬಹುದೋ ಬಾರದೋ ತಿಳಿಯುತ್ತಿಲ್ಲ.

ಆಗಸ್ಟ್ ೩೦, ಶನಿವಾರ

ನದಿಯಾಚೆಯ ಕಾಲೇಜಿನಲ್ಲಿ ಸೋತರು.

ಸೆಪ್ಟೆಂಬರ್ ೧೦, ಬುಧವಾರ

ಅಭ್ಯಾಸ ನೋಡಿದೆ. ಹೊಸಬಳು ಚೆಂಡು ಬಂದ ಕೂಡಲೇ ತಲೆ ಕೆಳಗೆ ಹಾಕಿ ಓಡುತ್ತಾಳೆ, ಎದುರು ಯಾರಿದ್ದಾರೆ ನೋಡುವುದಿಲ್ಲ. "ತಲೆ ಎತ್ತೇ, ಬಲಗಡೆ ಖಾಲಿ ಇದೆ ನೋಡು" ಎಂದು ಕೂಗಿದೆ. ಎತ್ತಿದಳು. ಚೆಂಡು ಸರಿಯಾಗಿ ಹೋಯಿತು.

ಪೆನಾಲ್ಟಿ ಅಭ್ಯಾಸವನ್ನೂ ಇಲ್ಲೇ ಮಾಡುತ್ತಾರೆ. ಕ್ಯಾಪ್ಟನ್ ಹತ್ತಕ್ಕೆ ಹತ್ತು ಹೊಡೆದಳು. ನನ್ನ ಮಗಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು ಅವಳು.

ಸೆಪ್ಟೆಂಬರ್ ೧೩, ಶನಿವಾರ

ಹೊರಗಿನ ಕೊನೆಯ ಪಂದ್ಯ ಗೆದ್ದರು. ನಮಗೆ ಹತ್ತು ಅಂಕ, ನದಿಯಾಚೆಯವರಿಗೆ ಹನ್ನೆರಡು. ಮುಂದಿನ ಶನಿವಾರ ಅವರೇ ಇಲ್ಲಿಗೆ ಬರುತ್ತಾರೆ. ಗೆದ್ದರೆ ಮುಂದಿನ ಸುತ್ತು ನಮ್ಮದು. ಸಮವಾದರೂ ಅವರದು.

ಇವಳಿಗೆ ಹೇಳಿದೆ. "ಬರ್ತೀಯಾ?" ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು.

ಸೆಪ್ಟೆಂಬರ್ ೨೦, ಶನಿವಾರ

ಗೆದ್ದೆವು. ೧-೦.

ಬೆಳಿಗ್ಗೆ ಬೇಗ ಹೋಗಿ ಹೊಸದಾಗಿ ಗೆರೆ ಹಾಕಿದ್ದೆ. ಚುಕ್ಕಿಯನ್ನು ಕೈಯಿಂದಲೇ ತಟ್ಟಿ ದುಂಡಗೆ ಮಾಡಿದ್ದೆ. ಇವತ್ತು ಪಂದ್ಯವನ್ನು ನಿಂತು ನೋಡಿದೆ, ಮೊದಲಿನಿಂದ ಕೊನೆಯವರೆಗೆ. ಇನ್ನೇನು ಮುಗಿಯಬೇಕು, ಆಗ ಹೊಸಬಳು ಇಬ್ಬರ ನಡುವೆ ತೂರಿದಳು. ಬೀಳಿಸಿದರು. ಪೆನಾಲ್ಟಿ. ಕ್ಯಾಪ್ಟನ್ ಹೊಡೆದಳು. ಅವರ ಗೋಲ್‌ಕೀಪರ್ ಸರಿಯಾದ ಕಡೆಗೇ ಹಾರಿದಳು, ಬೆರಳು ತಾಗಿತೋ ಏನೋ, ಆದರೂ ಚೆಂಡು ಒಳಗೆ.

ಹುಡುಗಿಯರು ನನ್ನ ಮಗಳ ಹೆಸರು ಕೂಗಿದರು. ಹನ್ನೊಂದು ಜನ ಒಟ್ಟಿಗೆ ಸೂಜಿ, ಸೂಜಿ ಎಂದರು. ಜೂನ್ ಆದ ಮೇಲೆ ಅವಳ ಹೆಸರನ್ನು ಯಾರೂ ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ. ನಾನು ಸುಣ್ಣದ ಗಾಡಿಯ ಹಿಡಿ ಹಿಡಿದುಕೊಂಡು ನಿಂತಿದ್ದೆ.

ಎಲ್ಲ ಹೋದ ಮೇಲೆ ಮೂಲೆಯ ಬಾವುಟ ಕೀಳಲು ಹೋದರೆ ಅವರ ಗೋಲ್‌ಕೀಪರ್ ಇನ್ನೂ ಗೋಲಿನಲ್ಲೇ ಕೂತಿದ್ದಳು. ಕಡ್ಡಿಯಂಥ ಹುಡುಗಿ. ಪಕ್ಕದ ಗೆಳತಿಗೆ ಹೇಳುತ್ತಿದ್ದಳು, "ಬೈಯೋದಾದ್ರೆ ಬೈಯಿ. ಆದ್ರೆ ಸರಿಯಾದ ಕಡೆಗೇ ಹಾರಿದ್ದೆ ಕಣೇ. ಬಾಲ್ ಬರೋ ಹೊತ್ತಿಗಿಂತ ಮುಂಚೆನೇ ಬಂದ್ಬಿಡ್ತು. ಹೇಗೆ ಅಂತಾನೇ ಗೊತ್ತಾಗ್ಲಿಲ್ಲ."

ಸೋತವರು ಏನಾದರೂ ಹೇಳುತ್ತಾರೆ.

ಸೆಪ್ಟೆಂಬರ್ ೨೨, ಸೋಮವಾರ

ಬಡಗಿ ಮುರಿದ ಬೆಂಚು ಸರಿಮಾಡಲು ಬಂದಿದ್ದ. ಅವನ ಕೈಯಲ್ಲಿ ಉಕ್ಕಿನ ಟೇಪು. ನಿನ್ನೆಯಿಡೀ ಆ ಕಡ್ಡಿಯಂಥ ಹುಡುಗಿಯ ಮಾತು ಕಿವಿಯಲ್ಲಿ ಕೂತಿತ್ತು. ಸುಮ್ಮನೆ ನೋಡೋಣ ಎಂದು ಅವನನ್ನು ಕರೆದುಕೊಂಡು ಹೋಗಿ ಗೋಲಿನ ಗೆರೆಯಿಂದ ಚುಕ್ಕಿಗೆ ಟೇಪು ಎಳೆಸಿದೆ.

"ಮೂವತ್ನಾಲ್ಕು ಅಡಿ" ಎಂದ.

"ಮೂವತ್ತಾರು ಇರಬೇಕು. ಸರಿಯಾಗಿ ಹಿಡಿ."

"ಸರಿಯಾಗೇ ಹಿಡಿದಿದೀನಿ ಅಣ್ಣಾ. ನೀವೇ ಬಂದು ನೋಡಿ."

ನೋಡಿದೆ. ಮೂವತ್ತನಾಲ್ಕು.

"ನಿನ್ನ ಟೇಪು ಸರಿ ಇಲ್ಲ."

"ಇದರಲ್ಲೇ ಪ್ರಿನ್ಸಿಪಾಲರ ಮೇಜು ಮಾಡಿದೀನಪ್ಪ, ಅವರ ಕಾಲು ಇನ್ನೂ ಅದರ ಕೆಳಗೆ ಹೋಗ್ತಾ ಇದೆ."

ಇನ್ನೊಂದು ಗೋಲಿನ ಕಡೆಗೆ ಹೋದೆವು. ಅಲ್ಲೂ ಅಷ್ಟೇ. ದೊಡ್ಡ ಬಾಕ್ಸು ಮೂರು ಅಡಿ ಕಡಿಮೆ. ಆಮೇಲೆ ವರಾಂಡದಲ್ಲಿ ನನ್ನನ್ನು ನಡೆಸಿ ಹೆಜ್ಜೆ ಅಳೆದ. ಮೂವತ್ತನಾಲ್ಕು ಇಂಚು. ಮತ್ತೆ ನಡೆದೆ. ಮೂವತ್ತನಾಲ್ಕು. ಬೇಕೆಂದೇ ಕಾಲು ನೀಡಿ ಹಾಕಿದರೆ ಮೂವತ್ತಾರು ಬರುತ್ತದೆ, ಎರಡು ಹೆಜ್ಜೆ ಆದ ಮೇಲೆ ಮತ್ತೆ ಮೂವತ್ತನಾಲ್ಕು.

"ವಯಸ್ಸಾಯ್ತು ಬಿಡಿ ಅಣ್ಣಾ" ಎಂದ ಬಡಗಿ. ಏಪ್ರಿಲ್‌ನಲ್ಲಿ ಕೊನೆಯ ಸಲ ಗೆರೆ ಹಾಕಿದಾಗ ಇರದ ವಯಸ್ಸು.

ಸುಣ್ಣ ಯಾಕೆ ಉಳಿಯಿತು ಎಂದು ಈಗ ತಿಳಿಯಿತು. ಗೋಡೆ ಅಂದು ಬಾಕ್ಸಿನ ಒಳಗೇ ಇದ್ದಳು.

ಸೆಪ್ಟೆಂಬರ್ ೨೩, ಮಂಗಳವಾರ

ಯಾರಿಗೂ ಗೊತ್ತಿಲ್ಲ. ಬಡಗಿಗೆ ಅದು ಏನೆಂದು ಅರ್ಥವಾಗಿಲ್ಲ.

ಹುಡುಗಿಯರು ಮುಂದಿನ ಸುತ್ತಿಗೆ ಹೋಗುವ ಬಸ್ಸಿನ ಬಗ್ಗೆ ಮಾತಾಡುತ್ತಿದ್ದರು. ಕಿಟಕಿಯ ಪಕ್ಕದ ಒಂದು ಸೀಟು ಖಾಲಿ ಬಿಡುತ್ತಾರಂತೆ.

ಸೆಪ್ಟೆಂಬರ್ ೨೪, ಬುಧವಾರ

ಎರಡೂ ಕಡೆ ಒಂದೇ ದೂರ ಇತ್ತು. ಅವರಿಗೂ ಪೆನಾಲ್ಟಿ ಸಿಕ್ಕಿದ್ದರೆ ಅವರೂ ಅಲ್ಲಿಂದಲೇ ಹೊಡೆಯುತ್ತಿದ್ದರು. ಹೀಗೆ ಬೆಳಿಗ್ಗೆಯಿಂದ ಹತ್ತು ಸಲ ಹೇಳಿಕೊಂಡೆ.

ಸಿಗಲಿಲ್ಲವಲ್ಲ. ಮತ್ತೆ ನಮ್ಮವರು ವಾರವಿಡೀ ಆ ಹತ್ತಿರದ ಚುಕ್ಕಿಯಿಂದಲೇ ಒದ್ದು ಒದ್ದು ಪಳಗಿದ್ದರು.

ಊಟ ಸೇರಲಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಕೋಚ್ ಮೇಡಂಗೆ ಹೇಳಿದೆ. ಅವರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಅವರು ಚೆಂಡಿಗೆ ಗಾಳಿ ತುಂಬುತ್ತಿದ್ದರು. ಪಂಪು ನಿಲ್ಲಿಸಿದರು.

"ನನಗೆ ಯಾಕೆ ಹೇಳಿದ್ರಿ?"

"ಇನ್ಯಾರಿಗೆ ಹೇಳ್ಲಿ ಮೇಡಂ?"

"ಯಾರಿಗೂ ಹೇಳ್ದೆ ಇರಬಹುದಿತ್ತು. ಸುಣ್ಣ ತಾನೇ, ಒಂದು ಕೊಡ ನೀರು ಹಾಕಿದ್ರೆ ಹೋಗ್ತಿತ್ತು."

ಹಾಕಲು ಕೊಡ ಎತ್ತಿಕೊಂಡು ಹೋಗಿದ್ದೆ, ನಿನ್ನೆ ಸಂಜೆ. ಅದನ್ನು ಅವರಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

"ಹಾಗಾದ್ರೆ ಗೋಡೆ ಕೈಯಲ್ಲಿ ಹಿಡಿದಿದ್ದು? ನಮಗೆ ಹೋಯ್ತಲ್ಲ ಎರಡು ಅಂಕ, ಅದನ್ನ ವಾಪಸ್ ಕೊಡ್ತಾರಾ?"

"ಅದು ನಮ್ಮ ಮೈದಾನ ಮೇಡಂ. ನಮ್ಮ ತಪ್ಪು. ನನ್ನ ತಪ್ಪು."

ಅವರು ಚೆಂಡನ್ನು ಕೋಣೆಯ ಗೋಡೆಗೆ ಎಸೆದರು. ಅದು ಬಂದು ನನ್ನ ಕಾಲ ಬಳಿ ನಿಂತಿತು.

"ಮೇಲಿನವರಿಗೆ ಪತ್ರ ನಾನು ಬರೀತೀನಿ. ಹುಡುಗೀರಿಗೆ ಮಾತ್ರ ನೀವೇ ಹೇಳಿ. ನನ್ನ ಕೈಲಿ ಆಗಲ್ಲ."

ಸೆಪ್ಟೆಂಬರ್ ೨೬, ಶುಕ್ರವಾರ

ಅಭ್ಯಾಸ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂರಿಸಿ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ನಾನು ಏನೋ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಒಬ್ಬಿಬ್ಬರು ನಕ್ಕರು. ಆಮೇಲೆ ನಗು ನಿಂತಿತು.

ಗೋಡೆ ಕೇಳಿದಳು, "ಅಂದ್ರೆ ಆವತ್ತು ನಾನು ಒಳಗೇ ಇದ್ದೆ?"

"ಒಳಗೇ ಇದ್ದೆ. ನಿನ್ನ ಮೇಲೆ ಕೂಗಾಡಿದೆ. ತಪ್ಪಾಯ್ತು ಮಗಳೇ."

ಅವಳು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು.

ಕ್ಯಾಪ್ಟನ್ ಎದ್ದು ನಿಂತಳು. "ಅವಳಿಗೋಸ್ಕರ ಆಡಿದ್ವಿ ಮಾವ. ಎಲ್ಲಾರ್ನೂ ಬಿಟ್ಟು ನೀವೇ ಹೀಗೆ ಮಾಡ್ತೀರಾ?" ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಳು. "ಸೂಜಿ ಇದ್ದಿದ್ರೆ ಹೇಳು ಅಂತಿದ್ಲು ಅನ್ಬೇಡಿ. ಅದೊಂದನ್ನ ಮಾತ್ರ ಹೇಳ್ಬೇಡಿ."

"ಹೇಳಲ್ಲ. ಅವಳಿಗೆ ಸೋಲೋದಂದ್ರೆ ಆಗ್ತಾನೇ ಇರ್ಲಿಲ್ಲ. ಬಾಯಿ ಮುಚ್ಕೊಂಡು ಇರಪ್ಪ ಅಂತಿದ್ಲು ಅನ್ಸುತ್ತೆ."

ಹೊಸಬಳು ಕಿಸಕ್ಕನೆ ನಕ್ಕಳು. ಮಗಳ ಮುಖವನ್ನೇ ನೋಡದ ಹುಡುಗಿ ಅದು. ಆಮೇಲೆ ಎಲ್ಲರೂ ನಕ್ಕರು, ಗೋಡೆಯೂ ನಕ್ಕಳು. ಕ್ಯಾಪ್ಟನ್ ಮಾತ್ರ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು. ನಾನು ಅವಳ ಪಕ್ಕ ಕೂತೆ. ಬೆನ್ನ ಮೇಲೆ ಕೈ ಇಡಲೋ ಬೇಡವೋ ಎಂದು ತಿಳಿಯದೆ ಕೈ ಮಂಡಿಯ ಮೇಲೇ ಇತ್ತು. ಅವಳೇ ಅದನ್ನು ಹಿಡಿದುಕೊಂಡಳು, ಉಗುರು ಊರುವಷ್ಟು ಗಟ್ಟಿಯಾಗಿ.

"ನಿಮ್ಮನ್ನ ಕ್ಷಮಿಸಿಲ್ಲ" ಎಂದಳು.

"ಬೇಡ" ಎಂದೆ.

ಅಕ್ಟೋಬರ್ ೧, ಬುಧವಾರ

ಮೇಲಿನವರು ಆ ಗೆಲುವನ್ನು ರದ್ದು ಮಾಡಿದರು. ಶನಿವಾರ ನದಿಯಾಚೆಯವರ ಜೊತೆ ಮತ್ತೆ ಅದೇ ಪಂದ್ಯ, ಇಲ್ಲೇ. ಪ್ರಿನ್ಸಿಪಾಲರು ಕರೆದು, ಇನ್ನು ಮುಂದೆ ಟೇಪಿಲ್ಲದೆ ಒಂದು ಗೆರೆಯನ್ನೂ ಹಾಕಬಾರದು ಎಂದರು. ಆಗಲಿ ಎಂದೆ. ಅವರು ಇನ್ನೂ ಏನೋ ಹೇಳುವವರಿದ್ದರು. ನನ್ನ ಮುಖ ನೋಡಿ "ಹೋಗಿ" ಎಂದರು.

ಅಕ್ಟೋಬರ್ ೪, ಶನಿವಾರ

೦-೦.

ಬೆಳಿಗ್ಗೆ ಟೇಪಿನ ಒಂದು ತುದಿ ಮೇಡಂ ಹಿಡಿದರು, ಇನ್ನೊಂದು ನಾನು. ಮೂವತ್ತಾರು ಅಡಿ. ನನ್ನ ಕಣ್ಣಿಗೆ ಚುಕ್ಕಿ ಎಲ್ಲೋ ದೂರ ಹೋಗಿ ಕೂತ ಹಾಗಿತ್ತು. ಅಷ್ಟೆಲ್ಲ ಅಳೆದು ಇಟ್ಟ ಚುಕ್ಕಿಯ ಮೇಲೆ ಇವತ್ತು ಯಾರೂ ಚೆಂಡು ಇಡಲಿಲ್ಲ. ಇಬ್ಬರಿಗೂ ಪೆನಾಲ್ಟಿ ಸಿಗಲಿಲ್ಲ. ಹೊಸಬಳು ಒದ್ದ ಚೆಂಡು ಒಮ್ಮೆ ಕಂಬಕ್ಕೆ ಬಡಿದು ಆಚೆ ಹೋಯಿತು. ಅಷ್ಟೇ. ಸೀಟಿ ಊದಿದರು. ನದಿಯಾಚೆಯವರು ಮುಂದಿನ ಸುತ್ತಿಗೆ ಹೋದರು.

ಇವತ್ತು ಯಾರೂ ಮಗಳ ಹೆಸರು ಕೂಗಲಿಲ್ಲ. ಹುಡುಗಿಯರು ಸಾಲಾಗಿ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಹೊಸಬಳು ಕಂಬದ ಹತ್ತಿರ ನಿಂತೇ ಇದ್ದಳು. "ಬಾ, ಹೊತ್ತಾಯ್ತು. ಚೆನ್ನಾಗಿ ಒದ್ದೆ" ಎಂದು ಕರೆದುಕೊಂಡು ಬಂದೆ. ಗೇಟಿನವರೆಗೆ ಅಳುತ್ತಲೇ ಬಂದಳು, ಅವಳ ಚೀಲ ನಾನು ಹಿಡಿದುಕೊಂಡಿದ್ದೆ.

ನನ್ನಿಂದ ಹೋಯಿತು. ಮಗಳು ಬೂಟು ಬಿಚ್ಚದೆ ಮಲಗಿದ್ದು ಯಾವುದಕ್ಕೋ, ಅದು ಈ ವರ್ಷ ಸಿಕ್ಕಿತ್ತು. ನನ್ನ ಕಾಲಿನಿಂದ ಸಿಕ್ಕಿತ್ತು, ನನ್ನ ಬಾಯಿಂದ ಹೋಯಿತು. ಸರಿಯಾದದ್ದನ್ನೇ ಮಾಡಿದ್ದೀರಿ ಎಂದು ಮೇಡಂ ಹೇಳಿದರು. ಇರಬಹುದು. ಎದೆಗೆ ಅದು ತಿಳಿಯುತ್ತಿಲ್ಲ.

ಅಕ್ಟೋಬರ್ ೫, ಭಾನುವಾರ

ಇವತ್ತು ಮಧ್ಯಾಹ್ನ ಇವಳಿಗೆ ಎಲ್ಲವನ್ನೂ ಹೇಳಿದೆ. ಚುಕ್ಕಿ, ಬಡಗಿ, ಟೇಪು, ಹುಡುಗಿಯರು, ಕಂಬಕ್ಕೆ ಬಡಿದದ್ದು. ಇವಳು ಬಟ್ಟೆ ಮಡಚುತ್ತಾ ಕೇಳಿದಳು. ಹೇಳುತ್ತಾ ಹೇಳುತ್ತಾ ಮಗಳ ಹೆಸರು ನನ್ನ ಬಾಯಿಗೆ ಬಂತು. ಇವಳು ಎದ್ದು ಹೋಗಲಿಲ್ಲ.

"ಏನಾಗಿದೆಯೋ ಕಾಲಿಗೆ. ಎರಡು ಇಂಚು ಗಿಡ್ಡ ಆಗಿದೆ ಹೆಜ್ಜೆ. ಡಾಕ್ಟರಿಗೆ ತೋರಿಸ್ಬೇಕೇನೋ" ಎಂದೆ.

"ಕಾಲಿಗೆ ಏನೂ ಆಗಿಲ್ಲ."

"ನಿನಗೇನು ಗೊತ್ತು?"

"ದಿನಾ ನೀವು ಹೊರಟಾಗ ಬಾಗಿಲಲ್ಲಿ ನಿಂತು ನೋಡ್ತೀನಲ್ಲ, ತಿರುವಿನವರೆಗೂ." ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. "ಅವಳು ಒಂದನೇ ಕ್ಲಾಸಿಗೆ ಹೋಗುವಾಗ ಹಿಂಗೇ ನಡೀತಿದ್ರಿ. ಅವಳು ಓಡೋ ಹಾಗಾಗಬಾರ್ದು ಅಂತ ಚಿಕ್ಕಚಿಕ್ಕದಾಗಿ ಹೆಜ್ಜೆ ಹಾಕ್ತಿದ್ರಿ. ಈಗ ಎಡಗೈ ಬೇರೆ ಸ್ವಲ್ಪ ಹೊರಗೇ ಇಟ್ಕೊಂಡಿರ್ತೀರಿ, ಯಾರೋ ಬೆರಳು ಹಿಡ್ಕೊಂಡಿರೋ ಹಾಗೆ. ಜೂನಿನಿಂದ."

ನಾನು ನನ್ನ ಎಡಗೈ ನೋಡಿದೆ. ಆಮೇಲೆ ಕೇಳಿದೆ, "ಅಷ್ಟು ದಿನದಿಂದ ನೋಡ್ತಿದ್ದೀಯ. ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ" ಎಂದಳು.